ಬಾವಿನೀರಿನ ನೈಟ್ರೇಟು ಮತ್ತು ಸಮಸ್ಥಾನಿಗಳ ಸಾಕ್ಷ್ಯ: ಒಂದು ವಿಮರ್ಶೆ

ಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಿದ ಗೃಹಸ್ಥನಿಗೆ ಪ್ರಯೋಗಶಾಲೆಯಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದು ಅಂಕಿ: ಲೀಟರು ಒಂದಕ್ಕೆ ಇಷ್ಟು ಮಿಲಿಗ್ರಾಂ ನೈಟ್ರೇಟು. ಆ ಅಂಕಿ 45ನ್ನು ಮೀರಿದರೆ, 2012ರ ಭಾರತೀಯ ಮಾನಕದ ಪ್ರಕಾರ ನೀರು ಕುಡಿಯಲು ತಕ್ಕುದಲ್ಲ; ಬೇರೆ ನೀರಿಲ್ಲವೆಂಬ ಕಾರಣಕ್ಕೂ ಈ ಮಿತಿಯಲ್ಲಿ ಸಡಿಲಿಕೆಯಿಲ್ಲ. ಬಾವಿನೀರಿನ ನೈಟ್ರೇಟಿಗೂ ಹಸುಗೂಸುಗಳ ಮೈ ನೀಲಿಗಟ್ಟುವ ರೋಗಕ್ಕೂ ಸಂಬಂಧವುಂಟೆಂದು ಅಮೆರಿಕದ ವೈದ್ಯ ಹಂಟರ್ ಕಾಮ್ಲಿಯವರು 1945ರಲ್ಲಿ ತೋರಿಸಿಕೊಟ್ಟಂದಿನಿಂದ ಈ ಅಳತೆಗೆ ಮಹತ್ತ್ವ ಸಂದಿದೆ. ಆದರೆ ಅಂಕಿಯನ್ನು ಓದಿದ ಗೃಹಸ್ಥನು ಕೇಳುವ ಮುಂದಿನ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಈ ನೈಟ್ರೇಟು ಎಲ್ಲಿಂದ ಬಂತು? ತೋಟಕ್ಕೆ ಹಾಕಿದ ಯೂರಿಯಾದಿಂದಲೋ, ಹಟ್ಟಿಯ ಗೊಬ್ಬರದಿಂದಲೋ, ಶೌಚದ ಗುಂಡಿಯಿಂದಲೋ?

ಈ ಪ್ರಶ್ನೆಗೆ ಉತ್ತರ ಕೊಡಬಲ್ಲೆವೆಂದು ಮುಂದೆ ಬಂದಿರುವುದು ಸಮಸ್ಥಾನಿಗಳ ವಿಶ್ಲೇಷಣೆ. ನೈಟ್ರೇಟಿನಲ್ಲಿರುವ ಸಾರಜನಕ ಮತ್ತು ಆಮ್ಲಜನಕಗಳ ಭಾರದ ಪರಮಾಣುಗಳು ಎಷ್ಟೆಂದು ಅಳೆದು, ಅದರ ಮೂಲವನ್ನು ಹೇಳುವ ವಿಧಾನವಿದು. 'ಬೆರಳಚ್ಚು' ಎಂಬ ಉಪಮಾನವನ್ನೂ ಇದಕ್ಕೆ ಅನೇಕರು ಬಳಸಿದ್ದಾರೆ. ಆ ಉಪಮಾನ ಎಷ್ಟರಮಟ್ಟಿಗೆ ಯುಕ್ತ, ನಮ್ಮ ಕರಾವಳಿಯ ಒಂದು ಊರಿನ ಬಾವಿಗೆ ಈ ವಿಧಾನವನ್ನು ಅನ್ವಯಿಸಿದರೆ ಅದರ ಮಾತನ್ನು ಎಲ್ಲಿಯವರೆಗೆ ನಂಬಬಹುದು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಊರಿನ ನಿದರ್ಶನಕ್ಕೆ ವಾಮದಪದವನ್ನು ತೆಗೆದುಕೊಳ್ಳೋಣ. ಇದು ಬಂಟ್ವಾಳ ತಾಲ್ಲೂಕಿನಲ್ಲಿ, ಬೆಳ್ತಂಗಡಿ ಮತ್ತು ಮೂಡುಬಿದಿರೆಯ ಸೀಮೆಗಳಿಗೆ ಸಮೀಪವಾಗಿದೆ. 'ಪದವು' ಎಂದರೆ ತುಳುನಾಡಿನಲ್ಲಿ ಮುರಕಲ್ಲಿನ ಮಟ್ಟಸವಾದ ಎತ್ತರದ ನೆಲ. ಪದವಿನಿಂದ ಇಳಿದರೆ ಬೆಟ್ಟು, ಮಜಲು, ಬೈಲು ಎಂಬ ಕ್ರಮದಲ್ಲಿ ಗದ್ದೆ ತೋಟಗಳು. ಮೇಲೆ ಬಿದ್ದ ಮಳೆನೀರು ರಂಧ್ರಮಯವಾದ ಮುರಕಲ್ಲಿನಲ್ಲಿ ಬೇಗ ಇಂಗಿ, ಕೆಳಗಿನ ಜೇಡಿಯ ಪದರವನ್ನು ಮುಟ್ಟಿ, ಬೈಲಿನ ಕಡೆಗೆ ಹರಿಯುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ, ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ. ಮನೆಗಳು ಒಂದಕ್ಕೊಂದು ದೂರದೂರ. ಆದರೆ ಒಂದೊಂದು ಮನೆಯ ಹಿತ್ತಿಲಲ್ಲಿಯೇ ಹಟ್ಟಿ, ಗೊಬ್ಬರದ ಗುಂಡಿ, ಶೌಚದ ಗುಂಡಿ, ಬಾವಿ ಎಲ್ಲವೂ ಹತ್ತಿರ ಹತ್ತಿರ. ಕೆಳಗೆ ಅಡಕೆಯ ತೋಟ. ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಯೋಗಶಾಲೆಯನ್ನು ಪ್ರವೇಶಿಸಬೇಕು.

ತತ್ತ್ವ ಸರಳವಾದುದು. ಸಾವಿರ ಸಾರಜನಕ ಪರಮಾಣುಗಳಲ್ಲಿ ಸುಮಾರು 996ರ ಭಾರ 14. ಉಳಿದ ನಾಲ್ಕಕ್ಕಿಂತ ಕೊಂಚ ಕಡಿಮೆಯವುಗಳ ಭಾರ 15. ಆಮ್ಲಜನಕದಲ್ಲಿ 18 ಭಾರದವು ಸಾವಿರಕ್ಕೆ ಎರಡರಷ್ಟು. ವಾಯುಮಂಡಲದ ಸಾರಜನಕದೊಡನೆ ಹೋಲಿಸಿ, ಒಂದು ವಸ್ತುವಿನಲ್ಲಿ ಭಾರದ ಸಾರಜನಕದ ಪ್ರಮಾಣ ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದನ್ನು 'ಡೆಲ್ಟಾ' ಎಂಬ ಸಂಕೇತದಿಂದ ಸೂಚಿಸುತ್ತಾರೆ. ಆಮ್ಲಜನಕಕ್ಕೆ ಹೋಲಿಕೆಯ ಮಾನ ಸಮುದ್ರದ ನೀರು. ಹಗುರವಾದ ಪರಮಾಣು ರಾಸಾಯನಿಕ ಕ್ರಿಯೆಗಳಲ್ಲಿ ಕೊಂಚ ಚುರುಕು, ಭಾರದ್ದು ಕೊಂಚ ನಿಧಾನ. ಹಟ್ಟಿಯಲ್ಲಿ ಗಂಜಲದಿಂದ ಅಮೋನಿಯಾ ಆವಿಯಾಗಿ ಹೋಗುವಾಗ ಹಗುರವಾದುದು ಮುಂದಾಗಿ ಹೊರಡುತ್ತದೆ. ಉಳಿದ ಗೊಬ್ಬರದಲ್ಲಿ ಭಾರದ ಪಾಲು ಏರುತ್ತದೆ. ಯೂರಿಯಾವನ್ನು ಕಾರ್ಖಾನೆಯಲ್ಲಿ ಗಾಳಿಯ ಸಾರಜನಕದಿಂದಲೇ ಮಾಡುವುದರಿಂದ ಅದರ ಬೆಲೆ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಮೂಲವನ್ನು ಗುರುತಿಸುವ ಆಸೆ ಹುಟ್ಟಿದ್ದು ಈ ವ್ಯತ್ಯಾಸದಿಂದ.

ಅಳತೆಯ ಕೆಲಸದಲ್ಲಿ ಪ್ರಯೋಗಶಾಲೆಗಳು ಸಾಧಿಸಿರುವ ನೈಪುಣ್ಯವನ್ನು ಮನಸಾರೆ ಮೆಚ್ಚಬೇಕು. ಹಿಂದೆ ಲೀಟರುಗಟ್ಟಲೆ ನೀರಿನಿಂದ ನೈಟ್ರೇಟನ್ನು ರಾಳದ ಮೇಲೆ ಹಿಡಿದು, ಬೆಳ್ಳಿಯ ನೈಟ್ರೇಟಾಗಿ ಮಾರ್ಪಡಿಸಿ ಅಳೆಯಬೇಕಾಗಿತ್ತು. 2001ರಲ್ಲಿ ಸಿಗ್ಮನ್ ಮತ್ತು ಸಂಗಡಿಗರು ಸಾರಜನಕಕ್ಕೂ, 2002ರಲ್ಲಿ ಕಸಿಯೋಟಿ ಮತ್ತು ಸಂಗಡಿಗರು ಆಮ್ಲಜನಕಕ್ಕೂ ಬ್ಯಾಕ್ಟೀರಿಯಾಗಳ ನೆರವಿನ ವಿಧಾನವನ್ನು ರೂಪಿಸಿದರು. ಇವರು ಆರಿಸಿಕೊಂಡ ಬ್ಯಾಕ್ಟೀರಿಯಾ ನೈಟ್ರೇಟನ್ನು ನೈಟ್ರಸ್ ಆಕ್ಸೈಡ್ ಅನಿಲದವರೆಗೆ ಒಯ್ದು ಅಲ್ಲಿಯೇ ನಿಲ್ಲಿಸುತ್ತದೆ. ಮುಂದಿನ ಹೆಜ್ಜೆಗೆ ಬೇಕಾದ ಕಿಣ್ವ ಅದರಲ್ಲಿಲ್ಲ. ಆ ಅನಿಲವನ್ನು ದ್ರವ್ಯರಾಶಿ ರೋಹಿತಮಾಪಕಕ್ಕೆ ಹಾಯಿಸಿ 44, 45, 46 ಭಾರದ ಅಣುಗಳನ್ನು ಎಣಿಸುತ್ತಾರೆ. ಕೆಲವು ಮಿಲಿಲೀಟರು ನೀರು ಸಾಕು. 2005ರಲ್ಲಿ ಮೆಕಿಲ್ವಿನ್ ಮತ್ತು ಆಲ್ಟಬೆಟ್ ಎಂಬವರು ಕ್ಯಾಡ್ಮಿಯಮ್ ಮತ್ತು ಅಜೈಡ್ ಬಳಸುವ ರಾಸಾಯನಿಕ ವಿಧಾನವನ್ನೂ ಪ್ರಕಟಿಸಿದರು. ಬೆಲೆ ಗೊತ್ತಿರುವ ಅಂತರರಾಷ್ಟ್ರೀಯ ಪ್ರಮಾಣವಸ್ತುಗಳನ್ನು ಪ್ರತಿ ಸರದಿಯಲ್ಲಿಯೂ ಜೊತೆಗೆ ಅಳೆದು ಫಲಿತಾಂಶವನ್ನು ತಿದ್ದುತ್ತಾರೆ. ನೀರನ್ನು ತೆಗೆದ ಕೂಡಲೆ ಸೋಸಿ ಶೈತ್ಯದಲ್ಲಿಡದಿದ್ದರೆ, ಅಥವಾ ಅದರಲ್ಲಿರುವ ನೈಟ್ರೈಟನ್ನು ಮೊದಲೇ ತೆಗೆಯದಿದ್ದರೆ, ಸೀಸೆಯಲ್ಲಿಯೇ ಲೆಕ್ಕ ಕೆಡುತ್ತದೆ. ಇಷ್ಟು ಎಚ್ಚರ ವಹಿಸಿದ ಪ್ರಯೋಗಶಾಲೆ ಕೊಡುವ ಡೆಲ್ಟಾ ಬೆಲೆಯನ್ನು ಶಂಕಿಸಲು ಕಾರಣವಿಲ್ಲ. ಶಂಕೆ ಹುಟ್ಟುವುದು ಅಂಕಿಯಿಂದ ತೀರ್ಪಿಗೆ ಹೋಗುವ ದಾರಿಯಲ್ಲಿ.

ಈ ಶಂಕೆ ಹೊಸದಲ್ಲ. 1971ರಲ್ಲಿ ಕೋಲ್, ಶಿಯರರ್ ಮತ್ತು ಕಾಮನರ್ ಎಂಬ ಮೂವರು ಇಲಿನಾಯ್ ಪ್ರಾಂತದ ಡಿಕೇಟರ್ ಸರೋವರದ ಜಲಾನಯನವನ್ನು ಸಾರಜನಕ ಸಮಸ್ಥಾನಿಗಳಿಂದ ಪರೀಕ್ಷಿಸಿ, ವಸಂತಕಾಲದ ನೀರಿನ ನೈಟ್ರೇಟಿನಲ್ಲಿ ಶೇಕಡ 55ರಿಂದ 60ರಷ್ಟಾದರೂ ರಾಸಾಯನಿಕ ಗೊಬ್ಬರದಿಂದ ಬಂದುದೆಂದು 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಮರುವರ್ಷ ಅದೇ ಪತ್ರಿಕೆಯಲ್ಲಿ ಹಾಕ್ ಮೊದಲಾದ ವಿಜ್ಞಾನಿಗಳು ಇದನ್ನು ಬಲವಾಗಿ ಆಕ್ಷೇಪಿಸಿದರು. ಗೊಬ್ಬರದ ಸಾರಜನಕ ಮಣ್ಣಿನೊಳಗೆ ಸೇರಿದ ಮೇಲೆ ಸೂಕ್ಷ್ಮಜೀವಿಗಳ ಕೈಯಲ್ಲಿ ಅನೇಕ ರೂಪಾಂತರಗಳನ್ನು ಹೊಂದುತ್ತದೆ. ಮಣ್ಣಿನ ಬೆಲೆಯೇ ಸ್ಥಳದಿಂದ ಸ್ಥಳಕ್ಕೆ ಬದಲಾಗುತ್ತದೆ. ಆದುದರಿಂದ ಎರಡು ಮೂಲಗಳನ್ನು ಬೆರೆಸಿದ ಸರಳ ಲೆಕ್ಕ ಇಲ್ಲಿ ಸಲ್ಲದು ಎಂಬುದು ಅವರ ವಾದದ ಸಾರ. 1975ರಲ್ಲಿ ಟೆಕ್ಸಾಸಿನಲ್ಲಿ ಕ್ರೈಟ್ಲರ್ ಅವರು ಮಣ್ಣಿನ ಸಹಜ ನೈಟ್ರೇಟಿನ ಬೆಲೆ +2ರಿಂದ +8, ಪ್ರಾಣಿಗಳ ಮಲಮೂತ್ರದಿಂದ ಬಂದುದರ ಬೆಲೆ +10ರಿಂದ +20 ಎಂದು ತಾವೇ ಅಳೆದು ಸ್ಥಾಪಿಸಿದ ಮೇಲೆ ವಿಧಾನಕ್ಕೆ ಮತ್ತೆ ಮಾನ್ಯತೆ ದೊರೆಯಿತು. ಕ್ರೈಟ್ಲರ್ ಅವರು ಊರಿನ ಮೂಲಗಳನ್ನು ಊರಿನಲ್ಲಿಯೇ ಅಳೆದರೆಂಬುದು ಗಮನಾರ್ಹ. ಅವರ ಅಂಕಿಗಳನ್ನು ಉದ್ಧರಿಸುವವರು ಬಹುಮಂದಿ. ಅವರ ಕ್ರಮವನ್ನು ಅನುಸರಿಸುವವರು ವಿರಳ.

ಈಗ ವಾಮದಪದವಿನ ಹಿತ್ತಿಲಿಗೆ ಮರಳಿ, ಒಂದು ಬಾವಿಯ ನೀರಿನಲ್ಲಿ +12 ಎಂಬ ಬೆಲೆ ಬಂದಿತೆಂದು ಊಹಿಸೋಣ. ಪಠ್ಯಗಳ ಕೋಷ್ಟಕವನ್ನು ನೋಡಿದವನು 'ಗೊಬ್ಬರ ಅಥವಾ ಮಲಿನಜಲ' ಎಂದು ಬರೆಯುತ್ತಾನೆ. ಮೊದಲನೆಯ ಆಕ್ಷೇಪ ಈ 'ಅಥವಾ' ಎಂಬ ಮಾತಿಗೆ. ದನದ ಗೊಬ್ಬರಕ್ಕೂ ಶೌಚದ ಗುಂಡಿಗೂ ಕೋಷ್ಟಕದಲ್ಲಿ ಸುಮಾರಾಗಿ ಒಂದೇ ಮನೆ. ವಿಜ್ಞಾನಿಗೆ ಇದು ಸಣ್ಣ ಸಂದಿಗ್ಧವಾಗಿ ಕಾಣಬಹುದು. ಮನೆಯವನಿಗೆ ಮಾಡಬೇಕಾದ ಕೆಲಸವೇ ಬೇರೆಯಾಗುತ್ತದೆ. ಒಂದಾದರೆ ಗೊಬ್ಬರದ ಗುಂಡಿಗೆ ಮಾಡು ಹಾಕಿ ಮಳೆನೀರನ್ನು ತಪ್ಪಿಸಬೇಕು. ಇನ್ನೊಂದಾದರೆ ಶೌಚದ ಗುಂಡಿಯನ್ನೇ ದೂರಕ್ಕೆ ಸಾಗಿಸಬೇಕು, ಅಲ್ಲಿಯವರೆಗೆ ರೋಗಾಣುಗಳ ಭಯದಿಂದ ನೀರನ್ನು ಕುದಿಸಿ ಕುಡಿಯಬೇಕು. ಈ ಎರಡನ್ನು ಬೇರ್ಪಡಿಸಲು ಸಾರಜನಕದ ಸಮಸ್ಥಾನಿಗೆ ಶಕ್ತಿಯಿಲ್ಲ.

ಎರಡನೆಯ ಆಕ್ಷೇಪ ಕೋಷ್ಟಕದ ಜನ್ಮಸ್ಥಳವನ್ನು ಕುರಿತದ್ದು. ಟೆಕ್ಸಾಸಿನ ಜಾನುವಾರು ಅಂಗಳದ ಗೊಬ್ಬರವೂ ತುಳುನಾಡಿನ ಹಟ್ಟಿಗೊಬ್ಬರವೂ ಒಂದೇ ಪದಾರ್ಥವಲ್ಲ. ಇಲ್ಲಿ ಕುಮ್ಕಿ ಗುಡ್ಡದ ಸೊಪ್ಪನ್ನು ತಂದು ಹಟ್ಟಿಯಲ್ಲಿ ಹಾಸುತ್ತಾರೆ. ದನಗಳು ತುಳಿದ ಸೊಪ್ಪು, ಸಗಣಿ, ಗಂಜಲ ಕೂಡಿ ಗೊಬ್ಬರವಾಗುತ್ತದೆ. ಸೊಪ್ಪಿನ ಸಾರಜನಕ ಅಮೋನಿಯಾ ಆವಿಯಾಗುವಿಕೆಯಿಂದ ಭಾರಗೊಂಡದ್ದಲ್ಲ, ಗಂಜಲದ್ದು ಭಾರಗೊಂಡದ್ದು. ಮಿಶ್ರಣದ ಬೆಲೆ ಎಷ್ಟು ಸೊಪ್ಪು, ಎಷ್ಟು ಕಾಲ, ಮಾಡು ಇದೆಯೋ ಇಲ್ಲವೋ ಎಂಬುದನ್ನು ಅವಲಂಬಿಸುತ್ತದೆ. ಅಡಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕದೊಡನೆ 12 ಕಿಲೋಗ್ರಾಂ ಹಸಿರೆಲೆ, 12 ಕಿಲೋಗ್ರಾಂ ಕಾಂಪೋಸ್ಟ್ ಎಂಬ ಶಿಫಾರಸು ಬಳಕೆಯಲ್ಲಿದೆ. ಹೀಗೆ ಒಂದೇ ಮರದ ಬುಡದಲ್ಲಿ ಯೂರಿಯಾ, ಸೊಪ್ಪು, ಗೊಬ್ಬರ ಮೂರೂ ಬೆರೆಯುವಲ್ಲಿ, ಅವನ್ನು ಬೇರೆಬೇರೆ ಗದ್ದೆಗಳ ಬೇರೆಬೇರೆ ಮೂಲಗಳೆಂದು ಎಣಿಸಿದ ಕೋಷ್ಟಕ ಹೇಗೆ ಹೊಂದೀತು? ಇದೇ ತಾಲ್ಲೂಕಿನ ವಿಟ್ಲದಲ್ಲಿ 1956ರಿಂದ ಅಡಕೆಯ ಸಂಶೋಧನೆ ನಡೆದುಬಂದಿದೆ. ತೋಟದ ಗೊಬ್ಬರಗಳ ಡೆಲ್ಟಾ ಬೆಲೆಗಳನ್ನು ಮೊದಲು ಅಳೆದು ಪಟ್ಟಿ ಮಾಡಲು ಇದಕ್ಕಿಂತ ತಕ್ಕ ನೆಲ ದೊರೆಯದು.

ಮೂರನೆಯದು ಆಮ್ಲಜನಕವನ್ನು ಕುರಿತದ್ದು. ನೈಟ್ರೇಟ್ ರೂಪದ ಗೊಬ್ಬರಗಳನ್ನು ವಿಪುಲವಾಗಿ ಬಳಸುವ ದೇಶಗಳಲ್ಲಿ ಆಮ್ಲಜನಕದ ಬೆಲೆ ಬಹಳ ಉಪಯುಕ್ತ. ಆ ಗೊಬ್ಬರದ ನೈಟ್ರೇಟಿನಲ್ಲಿ ಕಾರ್ಖಾನೆಯ ಗಾಳಿಯ ಆಮ್ಲಜನಕವಿದ್ದು ಬೆಲೆ +20ರ ಸಮೀಪದಲ್ಲಿರುತ್ತದೆ. ನಮ್ಮಲ್ಲಿ ಪ್ರಧಾನವಾದುದು ಯೂರಿಯಾ. ಅದರ ಸಾರಜನಕ ಮಣ್ಣಿನಲ್ಲಿಯೇ ನೈಟ್ರೇಟಾಗುತ್ತದೆ. ಆಗ ಮೂರು ಆಮ್ಲಜನಕ ಪರಮಾಣುಗಳಲ್ಲಿ ಎರಡು ಮಣ್ಣಿನ ನೀರಿನಿಂದಲೂ ಒಂದು ಗಾಳಿಯಿಂದಲೂ ಬರುತ್ತವೆಂಬುದು ಸಾಮಾನ್ಯ ಗಣನೆ. ನೀರಿನ ಬೆಲೆ -3, ಗಾಳಿಯದು +23.5 ಎಂದಿಟ್ಟುಕೊಂಡರೆ ಹುಟ್ಟುವ ನೈಟ್ರೇಟಿನ ಬೆಲೆ ಸುಮಾರು +5.8. ಸಗಣಿಯಿಂದಾಗಲಿ ಸೊಪ್ಪಿನಿಂದಾಗಲಿ ಶೌಚದಿಂದಾಗಲಿ ನೈಟ್ರೇಟಾದರೂ ಇದೇ ನೀರು, ಇದೇ ಗಾಳಿ, ಬೆಲೆಯೂ ಇದೇ. ಆದುದರಿಂದ ಅನ್ಯದೇಶದಲ್ಲಿ ಮೂಲಗಳನ್ನು ಬೇರ್ಪಡಿಸುವ ಎರಡನೆಯ ಸಾಕ್ಷಿ ಯೂರಿಯಾದ ದೇಶದಲ್ಲಿ ಈ ವಿಷಯಕ್ಕೆ ಮೂಕವಾಗುತ್ತದೆ.

ನಾಲ್ಕನೆಯದು ಕಾಲವನ್ನು ಕುರಿತದ್ದು. ಫ್ರಾನ್ಸಿನಲ್ಲಿ 1982ರಲ್ಲಿ ಗುರುತು ಹಾಕಿದ ಸಾರಜನಕವುಳ್ಳ ಗೊಬ್ಬರವನ್ನು ಮಣ್ಣಿಗೆ ಕೊಟ್ಟು ಸುಮಾರು ಮೂವತ್ತು ವರ್ಷ ಅನುಸರಿಸಿದ ಸೆಬಿಲೋ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ಶೇಕಡ 61ರಿಂದ 65 ಬೆಳೆಗಳಿಗೆ ಸಂದಿತು, 8ರಿಂದ 12 ನೀರಿಗೆ ಸೋರಿತು, 12ರಿಂದ 15 ಇನ್ನೂ ಮಣ್ಣಿನ ಸಾವಯವ ಅಂಶದಲ್ಲಿ ಉಳಿದಿತ್ತು. ಆ ನೆಲದ ಅಂಕಿಗಳು ನಮ್ಮ ಮಳೆನಾಡಿಗೆ ಹಾಗೆಯೇ ಅನ್ವಯಿಸಲಾರವು. ಆದರೂ ತಂದೆ ಹಾಕಿದ ಯೂರಿಯಾ ಮಗನ ಕಾಲದಲ್ಲಿ ಮಣ್ಣಿನ ನೈಟ್ರೇಟಿನ ವೇಷದಲ್ಲಿ ಬಾವಿಗೆ ಇಳಿಯಬಹುದೆಂಬ ತಥ್ಯ ಎಲ್ಲೆಡೆಗೂ ಸಲ್ಲುತ್ತದೆ. 'ಮಣ್ಣಿನ ಸಹಜ ನೈಟ್ರೇಟು' ಎಂಬ ಶೀರ್ಷಿಕೆ ಹಾಗಾದರೆ ಎಷ್ಟು ಸಹಜ?

ಇಷ್ಟಾದರೂ ಅನೇಕ ಪ್ರಬಂಧಗಳು ಗೊಬ್ಬರಕ್ಕೆ ಶೇಕಡ ಇಷ್ಟು, ಮಣ್ಣಿಗೆ ಇಷ್ಟು, ಮಲಿನಜಲಕ್ಕೆ ಇಷ್ಟು, ಮಳೆಗೆ ಇಷ್ಟು ಎಂದು ಪಾಲು ಹಂಚಿ ಮುಗಿಯುತ್ತವೆ. ಎರಡು ಸಮಸ್ಥಾನಿಗಳ ಅಳತೆಯಿಂದ ಹೆಚ್ಚೆಂದರೆ ಮೂರು ಮೂಲಗಳ ಪಾಲನ್ನು ನಿಶ್ಚಯವಾಗಿ ಬಿಡಿಸಬಹುದು. ಇದು ಶಾಲೆಯ ಬೀಜಗಣಿತ. ನಾಲ್ಕೈದು ಮೂಲಗಳಿದ್ದಾಗ ಸಂಭಾವ್ಯತೆಯ ಗಣಿತವನ್ನು ಬಳಸುವುದು ತಪ್ಪಲ್ಲ. ಅಲ್ಲಿ ದೊರೆಯುವುದು ಸಾಧ್ಯವಾದ ಉತ್ತರಗಳ ಒಂದು ವಿಸ್ತಾರ. ಆ ವಿಸ್ತಾರವನ್ನು ಅಡಗಿಸಿ ನಡುವಿನ ಅಂಕಿಯೊಂದನ್ನೇ ಸಾರಾಂಶದಲ್ಲಿ ಮುದ್ರಿಸಿದರೆ, ಗಣಿತ ವಿನಯದಿಂದ ಹೇಳಿದ್ದನ್ನು ಲೇಖಕ ಗರ್ವದಿಂದ ಹೇಳಿದಂತಾಗುತ್ತದೆ.

ಹಾಗಾದರೆ ಈ ವಿಧಾನವನ್ನು ಕೈಬಿಡಬೇಕೇ? ಖಂಡಿತ ಬೇಡ. ಇದರ ನಿಜವಾದ ಶಕ್ತಿ ಬೇರೊಂದು ಪ್ರಶ್ನೆಯಲ್ಲಿದೆ. ಪದವಿನ ಬಾವಿಯಲ್ಲಿ ನೈಟ್ರೇಟು ಹೆಚ್ಚಿದ್ದು ಬೈಲಿನ ಬಾವಿಯಲ್ಲಿ ಅರ್ಧವಾಗಿದ್ದರೆ, ಕಾರಣ ಎರಡಿರಬಹುದು. ಶುದ್ಧವಾದ ನೀರು ಸೇರಿ ಅದು ತೆಳುವಾಗಿರಬಹುದು. ಅಥವಾ ಗಾಳಿಯಾಡದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಅನಿಲವಾಗಿ ಮಾರ್ಪಡಿಸಿ ನಾಶಮಾಡಿರಬಹುದು. ಈ ಎರಡನೆಯದಕ್ಕೆ ವಿನೈಟ್ರೀಕರಣವೆಂದು ಹೆಸರು. ಪ್ರಮಾಣದ ಅಂಕಿ ಮಾತ್ರದಿಂದ ಇವನ್ನು ಬೇರ್ಪಡಿಸಲಾಗದು, ಸಮಸ್ಥಾನಿಗಳು ಬೇರ್ಪಡಿಸುತ್ತವೆ. ಸೇರಿದ ನೀರಿನಲ್ಲಿ ನೈಟ್ರೇಟು ಅತ್ಯಲ್ಪವಾಗಿದ್ದರೆ ತೆಳುವಾದ ನೀರಿನಲ್ಲಿ ಡೆಲ್ಟಾ ಬೆಲೆ ಬದಲಾಗದು. ವಿನೈಟ್ರೀಕರಣದಲ್ಲಿ ಹಗುರವಾದುದು ಮೊದಲು ಹೋಗಿ ಉಳಿದುದು ಭಾರವಾಗುತ್ತದೆ. ಜರ್ಮನಿಯ ಫೂರ್‌ಬೆರ್ಗ್ ಎಂಬಲ್ಲಿ ಬಟ್ಚರ್ ಮತ್ತು ಸಂಗಡಿಗರು 1990ರಲ್ಲಿ ಅಳೆದ ಗುಣಕಗಳು ಸಾರಜನಕಕ್ಕೆ 15.9, ಆಮ್ಲಜನಕಕ್ಕೆ 8.0. ಇವನ್ನು ಉದಾಹರಣೆಗಾಗಿ ತೆಗೆದುಕೊಂಡರೆ, ನೈಟ್ರೇಟಿನ ಅರ್ಧ ನಾಶವಾಗುವಷ್ಟರಲ್ಲಿ ಸಾರಜನಕದ ಬೆಲೆ +5ರಿಂದ +16ಕ್ಕೂ ಆಮ್ಲಜನಕದ್ದು +5.8ರಿಂದ +11.3ಕ್ಕೂ ಏರುತ್ತದೆ.

ಈ ಲೆಕ್ಕದಲ್ಲಿ ಎಚ್ಚರಿಕೆಯೂ ಇದೆ, ಭರವಸೆಯೂ ಇದೆ. ಸಾರಜನಕವನ್ನು ಮಾತ್ರ ನೋಡಿದವನು +16ನ್ನು ಕಂಡು, ಮಣ್ಣಿನಿಂದ ಬಂದ ನೈಟ್ರೇಟನ್ನು ಶೌಚದ ಗುಂಡಿಯ ತಲೆಗೆ ಕಟ್ಟುತ್ತಾನೆ, ನಿರಪರಾಧಿಗೆ ಶಿಕ್ಷೆಯಾಗುತ್ತದೆ. ಆಮ್ಲಜನಕವನ್ನೂ ಜೊತೆಗೆ ನೋಡಿದವನು ಎರಡೂ ಒಟ್ಟಾಗಿ ಏರಿದ್ದನ್ನು ಕಂಡು, ಇಲ್ಲಿ ವಿನೈಟ್ರೀಕರಣ ನಡೆದಿದೆಯೆಂದು ಅರಿಯುತ್ತಾನೆ. ಮೂಲಗಳ ವಿಷಯದಲ್ಲಿ ಮೂಕವಾಗಿದ್ದ ಆಮ್ಲಜನಕ ದಾರಿಯ ವಿಷಯದಲ್ಲಿ ಬಾಯಿಬಿಡುತ್ತದೆ. ಬೈಲಿನ ಗದ್ದೆಯ ಕೆಸರು ಬಾವಿಯನ್ನು ಕಾಯುತ್ತಿದೆಯೋ ಇಲ್ಲವೋ, ಗದ್ದೆಯನ್ನು ತುಂಬಿಸಿ ತೋಟವೋ ಮನೆಯೋ ಮಾಡಿದರೆ ಆ ರಕ್ಷಣೆ ಉಳಿಯುವುದೋ ಇಲ್ಲವೋ ಎಂಬ ಪ್ರಶ್ನೆ ಕರಾವಳಿಗೆ ಸಣ್ಣದಲ್ಲ.

ಅಂಕಿಯೊಡನೆ ನೆಲವನ್ನೂ ಓದಬೇಕೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಒಳ್ಳೆಯ ಮಾದರಿಯೊಂದಿದೆ. ಅದಕ್ಕಾಗಿ ಘಟ್ಟ ಹತ್ತಿ ಚಾಮರಾಜನಗರ ಜಿಲ್ಲೆಗೆ ಹೋಗಬೇಕು. ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಜಲಾನಯನದಲ್ಲಿ ಭುವನೇಶ್ವರಿ, ರಿಯೋತ್, ಶೇಖರ್ ಮೊದಲಾದವರು ಇನ್ನೂರಕ್ಕೂ ಹೆಚ್ಚು ಕೊಳವೆಬಾವಿಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವದು. ನೈಟ್ರೇಟು ಲೀಟರಿಗೆ 1ರಿಂದ 360 ಮಿಲಿಗ್ರಾಂವರೆಗೆ ಇತ್ತು. ಅವರು ಈ ವ್ಯತ್ಯಾಸವನ್ನು ಬಿಡಿಸಿದ್ದು ಅಂತರ್ಜಲದ ಮಟ್ಟ ಮತ್ತು ಇಳಿಜಾರಿನಿಂದ. ನೀರು 30ರಿಂದ 60 ಮೀಟರು ಆಳಕ್ಕೆ ಇಳಿದು, ಪಕ್ಕಕ್ಕೆ ಹರಿಯದೆ ನಿಂತಲ್ಲಿ, ಎತ್ತಿದ ನೀರೇ ಹೊಲದ ಮೂಲಕ ಮತ್ತೆ ಇಂಗಿ, ಸುತ್ತುಸುತ್ತಿಗೂ ನೈಟ್ರೇಟನ್ನು ಕೂಡಿಸಿಕೊಂಡಿತ್ತು. ಅಂಥ ಕಡೆ ನೀರಾವರಿಯ ನೀರೊಂದರಿಂದಲೇ ಹೆಕ್ಟೇರಿಗೆ ವರ್ಷಕ್ಕೆ 200 ಕಿಲೋಗ್ರಾಂವರೆಗೆ ಸಾರಜನಕ ಬೆಳೆಗೆ ಸೇರಬಹುದೆಂದು ಅವರು ತೋರಿಸಿದರು. ರೈತನಿಗೆ ಇದರಿಂದ ದೊರೆಯುವ ಬುದ್ಧಿವಾದ ನೇರವಾದುದು: ನೀರಿನಲ್ಲಿರುವುದನ್ನು ಲೆಕ್ಕಕ್ಕೆ ಹಿಡಿದು ಚೀಲದ ಗೊಬ್ಬರವನ್ನು ಕಡಿಮೆಮಾಡು.

ಅಲ್ಲಿಯ ಒಣನೆಲಕ್ಕೂ ಇಲ್ಲಿಯ ಮಳೆನಾಡಿಗೂ ಸ್ವಭಾವ ಬೇರೆ. ಕ್ರಮ ಮಾತ್ರ ಒಂದೇ. ವಾಮದಪದವಿನಂಥ ಊರಿನಲ್ಲಿ ಈ ವಿಧಾನವನ್ನು ಕೈಗೊಳ್ಳುವ ಸಂಶೋಧಕನಿಂದ ನಾವು ನಿರೀಕ್ಷಿಸಬೇಕಾದುದು ಹೀಗೆ. ಊರಿನ ಹಟ್ಟಿಗೊಬ್ಬರ, ಸೊಪ್ಪು, ಯೂರಿಯಾ, ಶೌಚದ ಗುಂಡಿಯ ನೀರು ಇವುಗಳ ಬೆಲೆಯನ್ನು ಮೊದಲು ಅಳೆಯಬೇಕು. ಬಾವಿಯ ನೀರನ್ನು ಮೊದಲ ಮಳೆಯ ಹೊತ್ತಿಗೊಮ್ಮೆ, ಮಳೆ ನಿಂತ ಮೇಲೊಮ್ಮೆ, ಬೇಸಗೆಯ ಕೊನೆಗೊಮ್ಮೆ ತೆಗೆಯಬೇಕು. ಪ್ರತಿ ಸಲವೂ ನೀರಿನ ಮಟ್ಟ, ಕ್ಲೋರೈಡ್, ಬ್ರೋಮೈಡ್, ಮಲಮೂಲದ ಬ್ಯಾಕ್ಟೀರಿಯಾ ಇವನ್ನೂ ನೋಡಬೇಕು. ಶೌಚದ ಗುಂಡಿಯನ್ನು ತೋಟದ ಗೊಬ್ಬರದಿಂದ ಬೇರ್ಪಡಿಸಲು ಸಮಸ್ಥಾನಿಗಿಂತ ಇವೇ ಹೆಚ್ಚು ನೆರವಾಗುತ್ತವೆ. ನೀರಿನದೇ ಆಮ್ಲಜನಕದ ಬೆಲೆಯೂ ಬೇಕು. ನೇತ್ರಾವತಿ ಮತ್ತು ಸ್ವರ್ಣಾ ನದಿಗಳ ನೀರಿನ ಸಮಸ್ಥಾನಿಗಳನ್ನು ತೃಪ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿರುವುದರಿಂದ ಇದಕ್ಕೆ ಬುನಾದಿಯಿದೆ. ಮಾಣಿಲ ಮೊದಲಾದ ಕಡೆಗಳಲ್ಲಿ ಗುಡ್ಡದ ಮುರಕಲ್ಲನ್ನು ಕೊರೆದು ಮಾಡಿದ ಸುರಂಗಗಳುಂಟು. ಹಿತ್ತಿಲಿಗಿಂತ ಮೇಲಿನ ನೆಲದಿಂದ ಬರುವ ಅಂಥ ಸುರಂಗದ ನೀರು, ಮನೆಯ ಕೊಳೆ ಸೋಕದ ಹೋಲಿಕೆಯ ಮಾದರಿಯಾಗಬಲ್ಲದು. ರೋಹಿತಮಾಪಕ ದೂರದ ನಗರದಲ್ಲಿದ್ದರೂ, ಹಗ್ಗ ಇಳಿಸಿ ನೀರಿನ ಮಟ್ಟ ಅಳೆಯುವ ಮತ್ತು ಹಿತ್ತಿಲಿನ ನಕ್ಷೆ ಬರೆಯುವ ಕೆಲಸವನ್ನು ಹತ್ತಿರದ ಕಾಲೇಜಿನ ವಿದ್ಯಾರ್ಥಿಗಳು ಮಾಡಬಲ್ಲರು. ಈ ಕೆಲಸ ಇಲ್ಲದೆ ಆ ಯಂತ್ರದ ಅಂಕಿಗೆ ಅರ್ಥವಿಲ್ಲ.

ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯ ಪ್ರಕಾರ ದೇಶದ ಮಾದರಿಗಳಲ್ಲಿ ಸುಮಾರು ಐದರಲ್ಲೊಂದು ಪಾಲು ನೈಟ್ರೇಟಿನ ಮಿತಿಯನ್ನು ಮೀರಿದೆ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧ. ಹೀಗಿರುವಾಗ ಮೂಲವನ್ನು ಹೇಳುವ ವಿದ್ಯೆಗೆ ಬೇಡಿಕೆ ಬೆಳೆಯುವುದು ನಿಶ್ಚಯ. ಅದರ ಮಾತನ್ನು ಕೇಳಿ ಒಬ್ಬನು ಗೊಬ್ಬರ ಕಡಿಮೆಮಾಡುತ್ತಾನೆ, ಇನ್ನೊಬ್ಬನು ಸಾಲ ಮಾಡಿ ಗುಂಡಿ ಸರಿಸುತ್ತಾನೆ, ಮತ್ತೊಬ್ಬನು ಬಾವಿಯನ್ನೇ ಬಿಡುತ್ತಾನೆ. ಸಾಕ್ಷ್ಯ ಹೇಳುವವನು ತಾನು ಕಂಡುದನ್ನು ಕಂಡಷ್ಟೇ ಹೇಳಬೇಕೆಂಬುದು ನ್ಯಾಯಸ್ಥಾನದ ನಿಯಮ. ಸಮಸ್ಥಾನಿಗಳು ಆ ನಿಯಮವನ್ನು ಮೀರುವುದಿಲ್ಲ. ಅವುಗಳ ಪರವಾಗಿ ಬರೆಯುವ ನಾವೂ ಅದನ್ನು ಮೀರದಿದ್ದರೆ, ಹಿತ್ತಿಲಿನ ಬಾವಿಗೆ ಈ ವಿದ್ಯೆಯಿಂದ ನಿಜವಾದ ಉಪಕಾರವಾದೀತು.